ಮೋಟೆಬೆನ್ನೂರು, ಹೊಸರಿತ್ತಿ: ಹೋಗುವವರಿಗೆ ನಾಲ್ಕು ಮಾತು

ಹುಬ್ಬಳ್ಳಿಯಿಂದ ಹಾವೇರಿ ಜಿಲ್ಲೆಯ ಮೋಟೆಬೆನ್ನೂರಿಗೆ ಹೊರಟಿದ್ದರೆ ಬಸ್ ಹತ್ತುವ ಮುಂಚೆ ಒಂದು ಮಾತು ಕೇಳಿ: "ಊರಾಗ ಹೋಗ್ತದೇನ್ರಿ?" ನಾನು ಕೇಳಲಿಲ್ಲ. ಕಂಡಕ್ಟರ್ ಟಿಕೆಟ್ ಏನೋ ಹರಿದು ಕೊಟ್ಟ. ಆಮೇಲೆ ಹೈವೇ ಮೇಲೆ ಇಳಿಸಿ "ಇಲ್ಲೇ ಐತ್ರಿ, ಐದ್ ಮಿನಿಟು" ಎಂದು ಸೀಟಿ ಊದಿದ. ಏಪ್ರಿಲ್ ಬಿಸಿಲಲ್ಲಿ ಆ ಐದು ಮಿನಿಟು ಅರ್ಧ ತಾಸಾಯಿತು. ಪಕ್ಕದಲ್ಲೇ ಲಾರಿಗಳು ಹಾಯುತ್ತಿದ್ದವು, ಬಾಯೊಳಗೆಲ್ಲ ಧೂಳು.

ಮೋಟೆಬೆನ್ನೂರು ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹಾದೇವಪ್ಪನವರ ಊರು. 1930ರಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆ ಗಾಂಧೀಜಿ ಜೊತೆ ದಂಡಿಗೆ ನಡೆದ ತಂಡದಲ್ಲಿ ಕರ್ನಾಟಕದಿಂದ ಇದ್ದದ್ದು ಇವರೊಬ್ಬರೇ. ಆಗ ವಯಸ್ಸು ಬರೀ 18. ನಡೆದದ್ದು ಸುಮಾರು 385 ಕಿಲೋಮೀಟರ್. ನಾನು ಎರಡು ಕಿಲೋಮೀಟರಿಗೇ ಇಷ್ಟು ಗೋಳಾಡುತ್ತಿದ್ದೇನೆ.

ರಾತ್ರಿ ಹಾವೇರಿಯಲ್ಲಿ ಉಳಿದದ್ದು ತಪ್ಪಾಯಿತು. ಫೋನಲ್ಲಿ 900 ಅಂದ ಲಾಡ್ಜಿನವರು ಬ್ಯಾಗ್ ಇಳಿಸಿದ ಮೇಲೆ 1,400 ಎಂದರು. ಲಗ್ನದ ಸೀಸನ್ ಅಂತೆ. ಬಿಸಿನೀರು ಬೆಳಿಗ್ಗೆ ಏಳರ ತನಕ ಮಾತ್ರ, ಅದನ್ನು ಹೇಳಿದ್ದು ಏಳೂವರೆಗೆ. ಹುಬ್ಬಳ್ಳಿಯಲ್ಲೇ ಉಳಿದು ಒಂದೇ ದಿನದಲ್ಲಿ ಹೋಗಿ ಬನ್ನಿ. ರೈಲಿನಲ್ಲಿ ಬರುವವರು ಬೋರ್ಡ್ ನೋಡಿ ಗಾಬರಿಯಾಗಬೇಡಿ, ಹಾವೇರಿ ಸ್ಟೇಷನ್ನಿಗೆ ಈಗ ಮಹಾದೇವಪ್ಪ ಮೈಲಾರ ಅವರ ಹೆಸರಿದೆ. ಊರೊಳಗಿನ ಅವರ ಸ್ಮಾರಕವನ್ನೂ ನೋಡಿದೆ. ಭಾನುವಾರ, ಸೆಲ್ಫಿ ಗದ್ದಲ. ನನಗೆ ಜನಜಂಗುಳಿ ಆಗದು, ಹತ್ತು ನಿಮಿಷಕ್ಕೆ ಹೊರಬಿದ್ದೆ.

ಆದರೆ ಊಟ! ಬೋರ್ಡೂ ಇಲ್ಲದ ಒಂದು ಖಾನಾವಳಿ, ನಾಲ್ಕೇ ಟೇಬಲ್ಲು. ಒಳಗೆ ಅಕ್ಕ ಒಬ್ಬರು ರೊಟ್ಟಿ ಬಡಿಯುವ ಸದ್ದು ಬೀದಿಗೆ ಕೇಳುತ್ತಿತ್ತು, ಅದನ್ನು ಕೇಳಿಯೇ ಒಳಹೊಕ್ಕೆ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಮಡಕಿಕಾಳು ಪಲ್ಯ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು, ಹಸಿ ಮೆಂತೆ ಸೊಪ್ಪು, ಜಜ್ಜಿದ ಉಳ್ಳಾಗಡ್ಡಿ. ಎಣ್ಣೆಗಾಯಿಯ ಬದನೆ ಬೆರಳು ತಾಗಿದರೆ ಬಿಚ್ಚಿಕೊಳ್ಳುವಷ್ಟು ಮೆತ್ತಗೆ. ಎರಡು ರೊಟ್ಟಿ ಮುಗಿಯುವುದರೊಳಗೆ ಮೂರನೆಯದು ತಾನಾಗೇ ತಟ್ಟೆಗೆ ಬಿತ್ತು. "ಬ್ಯಾಡ್ರಿ" ಅಂದರೆ "ಇಷ್ಟಕ್ಕ ಸಾಕೇನ್ ತಮ್ಮಾ?" ಎಂದು ಗದರಿದರು. ಕೊನೆಗೆ ಅನ್ನ, ಕಟ್ಟಿನ ಸಾರು. ಎಲ್ಲ ಸೇರಿ 80 ರೂಪಾಯಿ. ತಟ್ಟೆಯ ಅಂಚಿಗೆ ಕೇಳದೇ ಒಂದು ಚಿಟಿಕೆ ಉಪ್ಪು ಹಾಕಿದ್ದರು. ದಂಡಿಗೆ ನಡೆದ ಕಾಲದಲ್ಲಿ ಇದರ ಮೇಲೂ ಮಣಕ್ಕೆ (ಸುಮಾರು 37 ಕಿಲೋ) 1 ರೂಪಾಯಿ 4 ಆಣೆ ತೆರಿಗೆ ಇತ್ತು. ಸಮುದ್ರದಂಡೆಯವರು ಕೂಡ ತಾವೇ ಉಪ್ಪು ಮಾಡಿಕೊಂಡರೆ ಅಪರಾಧ. ಮಧ್ಯಾಹ್ನ ಒಂದಕ್ಕೆ ಮೊದಲೇ ಹೋಗಿ, ಆಮೇಲೆ ಎಣ್ಣೆಗಾಯಿ ಖಾಲಿ.

ಇನ್ನು ಹೊಸರಿತ್ತಿ, ಮಹಾದೇವಪ್ಪನವರ ತಂಡ ಬ್ರಿಟಿಷ್ ಸರ್ಕಾರದ ಖಜಾನೆಗೆ ನುಗ್ಗಿದ ಊರು. ಇಡೀ ಪ್ರವಾಸದಲ್ಲಿ ಒಂದೇ ಜಾಗ ನೋಡುವಷ್ಟು ಟೈಮಿದ್ದರೆ ಇದನ್ನೇ ನೋಡಿ. "ಖಜಾನೆ ಲೂಟಿ" ಎಂದು ಓದಿದ್ದ ನಾನು ಕಬ್ಬಿಣದ ಗೇಟು, ಕಲ್ಲಿನ ಕಚೇರಿ ಇರುತ್ತೆ ಅಂದುಕೊಂಡು ಹೋಗಿದ್ದೆ. ಇರುವುದು ವೀರಭದ್ರನ ಗುಡಿ. ಹಳ್ಳಿಗಳಿಂದ ವಸೂಲಾದ ಕಂದಾಯದ ರೊಕ್ಕವನ್ನು ಪೊಲೀಸ್ ಕಾವಲಲ್ಲಿ ಗುಡಿಯಲ್ಲೇ ಇಟ್ಟಿದ್ದರು. ನಾನು ಹೋದಾಗ ಯಾರೋ ತೆಂಗಿನಕಾಯಿ ಒಡೆಸುತ್ತಿದ್ದರು.

ಹಾವೇರಿ ಸೀಮೆ ಆಗ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. ಸರ್ಕಾರದವರು ಸರ್ವೆ ಮಾಡಿ ಹೊಲಕ್ಕೆ ಇಷ್ಟು ಎಂದು ಕಂದಾಯ ಗೊತ್ತು ಮಾಡುತ್ತಿದ್ದರು, ಅದನ್ನು ರೊಕ್ಕದಲ್ಲೇ ಕಟ್ಟಬೇಕು. ಪೀಕು ಕೈಕೊಟ್ಟಿತೆಂದು ದರ ತಾನಾಗೇ ಇಳಿಯುತ್ತಿರಲಿಲ್ಲ. ಕಟ್ಟದಿದ್ದರೆ ಜಪ್ತಿ, ಹರಾಜು. ಈ ಕಡೆಯ ಹಿರೇಕೆರೂರಿನವರು 1930ರ ದಶಕದ ಮೊದಲಲ್ಲೇ ಕಂದಾಯ ಕೊಡೆವು ಎಂದು ಕೂತಿದ್ದರು. 1943ರ ಏಪ್ರಿಲ್ 1ರಂದು ಮಹಾದೇವಪ್ಪನವರ ತಂಡ ಈ ಗುಡಿಗೆ ನುಗ್ಗಿತು. ಪೊಲೀಸರ ಗುಂಡಿಗೆ ಅವರ ಜೊತೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಕೂಡ ಬಲಿಯಾದರು. ಸ್ವಾತಂತ್ರ್ಯ ಹೋರಾಟ ಅಂದರೆ ದಿಲ್ಲಿ, ಮುಂಬೈ ಭಾಷಣ ಅಂದುಕೊಂಡಿದ್ದ ನನಗೆ ಆ ಗುಡಿಯ ಕಟ್ಟೆ ಮೇಲೆ ಕೂತು ಬಹಳ ಹೊತ್ತು ಏಳಲಾಗಲಿಲ್ಲ.

ಚಪ್ಪಲಿ ಹೊರಗೆ ಬಿಡಬೇಕು, ಮಧ್ಯಾಹ್ನ ಕಲ್ಲು ಕಾಲು ಸುಡುತ್ತೆ, ಹಾಗಾಗಿ ಬೆಳಿಗ್ಗೆಯೇ ಹೋಗಿ. ವಾಪಸ್ ಬರಲು ಟಂಟಂ ಆಟೋ ಸಿಗುತ್ತೆ, ಆದರೆ ತುಂಬುವ ತನಕ ಹೊರಡುವುದಿಲ್ಲ. ನಮ್ಮದರಲ್ಲಿ ನಾನು ಹದಿಮೂರನೆಯವನು, ತೊಡೆ ಮೇಲೆ ಯಾರದೋ ಬ್ಯಾಡಗಿ ಮೆಣಸಿನಕಾಯಿ ಚೀಲ. ಹಾವೇರಿ ಮುಟ್ಟುವ ತನಕ ಸೀನುತ್ತಲೇ ಬಂದೆ. ಚಿಲ್ಲರೆ ಇಟ್ಟುಕೊಳ್ಳಿ, ನನ್ನ 500ರ ನೋಟು ನೋಡಿ ಡ್ರೈವರ್ ನಕ್ಕುಬಿಟ್ಟ.