ಯುದ್ಧ ಮುಗಿದ ಮೇಲಿನ ಸಹಿಗೆ ಬೆಲೆ ಇದೆಯಾ?

ನಾನು ದೇಶ-ದೇಶಗಳ ಜಗಳದ ಬಗ್ಗೆ ಓದುತ್ತೇನೆ ಅಂತ ಗೊತ್ತಿರುವವರು ಪದೇ ಪದೇ ಕೇಳುವುದು ಇದನ್ನೇ: "ನಿನ್ನೆವರೆಗೆ ಹೊಡೆದಾಡಿದವರು ಇವತ್ತು ಸಹಿ ಹಾಕಿ ಕೈ ಕುಲುಕಿದರೆ ಸ್ನೇಹಿತರಾಗಿಬಿಡ್ತಾರಾ? ಬರೀ ಕಾಗದ ಅಲ್ವಾ ಅದು?"

ಸ್ನೇಹಿತರಾಗುವುದಿಲ್ಲ. ಆಗಲೇಬೇಕು ಅಂತಲೂ ಇಲ್ಲ. ಒಪ್ಪಂದ ಕಣ್ಣಿಗೆ ಬಿದ್ದರೆ ನಾನು ಮೊದಲು ಹುಡುಕುವುದು ಎರಡು ವಿಷಯ. ನಾಳೆ ಮತ್ತೆ ತಕರಾರು ಬಂದರೆ ತೀರ್ಪು ಹೇಳುವವರು ಯಾರು? ಜಾಗ ಬಿಟ್ಟುಕೊಟ್ಟವರು ತಮ್ಮ ಜನರ ಮುಂದೆ ತಲೆ ಎತ್ತಿ ಓಡಾಡುವುದು ಹೇಗೆ?

ದಕ್ಷಿಣ ಅಮೆರಿಕದ ಪೆರು ಮತ್ತು ಈಕ್ವೆಡಾರ್ ಕಥೆ ನನಗೆ ತುಂಬಾ ಇಷ್ಟ. 1941ರಲ್ಲಿ ಯುದ್ಧವಾಯಿತು, 1942ರಲ್ಲಿ ರಿಯೊ ಡಿ ಜನೈರೊದಲ್ಲಿ ಒಪ್ಪಂದವಾಯಿತು. ಕಾಡಿನ ಒಂದು ಭಾಗದಲ್ಲಿ ಸಮೋರಾ ಮತ್ತು ಸಾಂಟಿಯಾಗೊ ನದಿಗಳ ನೀರನ್ನು ಬೇರೆ ಮಾಡುವ ಬೆಟ್ಟದ ಸಾಲೇ ಗಡಿ ಅಂತ ಬರೆದರು. ಆಮೇಲೆ ವಿಮಾನದಿಂದ ಫೋಟೊ ತೆಗೆದು ನೋಡಿದರೆ, ಆ ಎರಡರ ನಡುವೆ ಸೆನೆಪಾ ಅನ್ನೋ ನದಿ ಎಲ್ಲರೂ ಅಂದುಕೊಂಡಿದ್ದಕ್ಕಿಂತ ಬಹಳ ದೂರ ಹರಿಯುತ್ತಿತ್ತು! ಕಾಗದದಲ್ಲಿದ್ದ ಒಂದೇ ಬೆಟ್ಟಸಾಲು ನೆಲದ ಮೇಲೆ ಇರಲೇ ಇಲ್ಲ. ಈಕ್ವೆಡಾರ್ ತಕರಾರು ತೆಗೆಯಿತು. ಸುಮಾರು 78 ಕಿಲೋಮೀಟರ್‌ನಷ್ಟು ಉದ್ದಕ್ಕೆ ಗಡಿಕಲ್ಲು ನೆಡುವ ಕೆಲಸ ನಿಂತುಹೋಯಿತು. 1981ರಲ್ಲಿ ಗುಂಡು ಹಾರಿತು, 1995ರಲ್ಲಿ ಅದೇ ಕಾಡಿನಲ್ಲಿ ಮತ್ತೆ ಯುದ್ಧ.

ಈ ಸಲ ಜಾಣತನ ಮಾಡಿದರು. 1942ರ ಒಪ್ಪಂದಕ್ಕೆ ಜಾಮೀನು ನಿಂತಿದ್ದ ಬ್ರೆಜಿಲ್, ಅರ್ಜೆಂಟೀನಾ, ಚಿಲಿ, ಅಮೆರಿಕ ಏನು ತೀರ್ಮಾನ ಕೊಟ್ಟರೂ ಒಪ್ಪುತ್ತೇವೆ ಅಂತ ಎರಡೂ ಸಂಸತ್ತುಗಳು ಮೊದಲೇ ಮತ ಹಾಕಿದವು. ತೀರ್ಮಾನ ಇನ್ನೂ ಬಂದಿರಲಿಲ್ಲ! ಆಮೇಲೆ 'ಮೋಸ ಆಯ್ತು' ಅನ್ನೋಕೆ ಯಾರಿಗೂ ದಾರಿ ಉಳಿಯಲಿಲ್ಲ. 1998ರ ಅಕ್ಟೋಬರ್ 26ರಂದು ಬ್ರೆಸಿಲಿಯಾದಲ್ಲಿ ಸಹಿ ಬಿತ್ತು.

ಗಡಿ ಹೆಚ್ಚುಕಡಿಮೆ ಪೆರು ಹೇಳಿದ ಹಾಗೇ ಬಂತು. ಆದರೆ ಈಕ್ವೆಡಾರ್ ಸೈನಿಕರು ಪ್ರಾಣ ಕೊಟ್ಟ ಟಿವಿನ್ಸಾ ಅನ್ನೋ ಕಾಡಿನ ಜಾಗ ಪೆರು ಕಡೆಗೆ ಹೋದರೆ ಈಕ್ವೆಡಾರ್ ಜನ ಸುಮ್ನೆ ಇರುತ್ತಾರಾ? ಅದಕ್ಕೆ ಟಿವಿನ್ಸಾದ ಒಂದು ಚದರ ಕಿಲೋಮೀಟರ್ ಜಾಗವನ್ನು ಈಕ್ವೆಡಾರ್‌ಗೆ ಖಾಸಗಿ ಆಸ್ತಿಯಾಗಿ ಕೊಟ್ಟರು. ಬೇರೆ ಊರಲ್ಲಿ ಸೈಟು ಇಟ್ಟುಕೊಂಡ ಹಾಗೆ: ಪತ್ರ ಈಕ್ವೆಡಾರ್ ಹೆಸರಲ್ಲಿ, ಆಡಳಿತ ಪೆರುವಿನದ್ದು. ಈಕ್ವೆಡಾರ್ ಅಲ್ಲಿ ಸೈನ್ಯ ಇಡುವಂತಿಲ್ಲ, ಆದರೆ ತನ್ನವರನ್ನು ನೆನೆಯಬಹುದು. ಇದರ ಜೊತೆಗೆ ಅಮೆಜಾನ್ ನದಿಯಲ್ಲಿ ಹಡಗು ಓಡಿಸುವ ಹಕ್ಕೂ ಸಿಕ್ಕಿತು. ಅಂದಿನಿಂದ ಆ ಎರಡು ದೇಶ ಯುದ್ಧಕ್ಕೆ ಇಳಿದಿಲ್ಲ.

ತೀರ್ಪು ಕೊಡುವವರು ಇದ್ದರೆ ಸಾಕಾ ಅಂದರೆ, ಸಾಲದು. ಇಥಿಯೋಪಿಯಾ ಮತ್ತು ಎರಿಟ್ರಿಯಾ 2000ದ ಡಿಸೆಂಬರ್‌ನಲ್ಲಿ ಅಲ್ಜೀರ್ಸ್‌ನಲ್ಲಿ ಸಹಿ ಹಾಕಿ, ಗಡಿ ಆಯೋಗದ ಮಾತೇ ಕೊನೆ ಅಂತ ಒಪ್ಪಿದ್ದವು. 2002ರಲ್ಲಿ ಆಯೋಗ, ಯುದ್ಧ ಶುರುವಾದ ಬಾದ್ಮೆ ಊರನ್ನು ಎರಿಟ್ರಿಯಾಕ್ಕೆ ಕೊಟ್ಟಿತು. ಇಥಿಯೋಪಿಯಾ ಊರು ಬಿಡಲಿಲ್ಲ. ಸಾವಿರಾರು ಜನ ಸತ್ತ ಜಾಗವನ್ನು ಬರಿಗೈಯಲ್ಲಿ ಬಿಟ್ಟುಕೊಡು ಅಂದರೆ ಯಾವ ಸರ್ಕಾರ ತಾನೇ ಬಿಡುತ್ತದೆ? ಟಿವಿನ್ಸಾದಂಥ ಒಂದು ದಾರಿ ಅಲ್ಲಿ ಇರಲೇ ಇಲ್ಲ. ಗಡಿಕಲ್ಲು ನೆಡಲಾಗದ ಆಯೋಗ ಕೊನೆಗೆ ನಕ್ಷೆಯ ಮೇಲೇ ಗಡಿ ಗುರುತಿಸಿ ಕೈ ತೊಳೆದುಕೊಂಡಿತು. 2018ರಲ್ಲಿ ಇಥಿಯೋಪಿಯಾದ ಪ್ರಧಾನಿ ಅಬಿಯ್ ಅಹಮದ್ ಎರಿಟ್ರಿಯಾದ ರಾಜಧಾನಿ ಅಸ್ಮಾರಾಗೆ ಹೋಗಿ ಅಲ್ಲಿನ ಅಧ್ಯಕ್ಷರನ್ನು ಅಪ್ಪಿಕೊಂಡರು, ಮರುವರ್ಷ ಅಬಿಯ್‌ಗೆ ಶಾಂತಿ ನೊಬೆಲ್ ಬಂತು. ಆದರೆ ಅಷ್ಟರಲ್ಲಿ, ಸಂಭ್ರಮದಿಂದ ತೆರೆದಿದ್ದ ಗಡಿದಾರಿಗಳು ಒಂದೊಂದಾಗಿ ಮತ್ತೆ ಮುಚ್ಚಿದ್ದವು. ಅಪ್ಪುಗೆಯ ಫೋಟೊಗಳನ್ನು ನಾನು ಜಾಸ್ತಿ ನಂಬುವುದಿಲ್ಲ.

ಇನ್ನು ಈಜಿಪ್ಟ್ ಮತ್ತು ಇಸ್ರೇಲ್. 1979ರಲ್ಲಿ ಸಹಿ ಹಾಕಿದ ಈಜಿಪ್ಟ್ ಅಧ್ಯಕ್ಷ ಸಾದತ್ ಅವರನ್ನು 1981ರಲ್ಲಿ ಅವರದೇ ಸೈನಿಕರು ಕೊಂದರು. ಒಪ್ಪಂದ ಉಳಿಯಿತು. ಇಸ್ರೇಲ್ ಹಿಡಿದಿದ್ದ ಸಿನಾಯ್ ಮರುಭೂಮಿ 1982ರಲ್ಲಿ ಈಜಿಪ್ಟ್‌ಗೆ ಮರಳಿ ಬಂತು. ಟಾಬಾ ಅನ್ನೋ ಚೂರು ಕಡಲತೀರ ಮಾತ್ರ ಜಗಳದಲ್ಲಿ ಉಳಿದಾಗ ಪಂಚಾಯ್ತಿಗೆ ಹೋದರು, 1988ರಲ್ಲಿ ಈಜಿಪ್ಟ್ ಗೆದ್ದಿತು, ಮರುವರ್ಷ ಇಸ್ರೇಲ್ ಜಾಗ ಬಿಟ್ಟಿತು. ಜನರ ನಡುವೆ ಪ್ರೀತಿ ಇವತ್ತಿಗೂ ಇಲ್ಲ, ರಾಯಭಾರಿಗಳನ್ನು ವಾಪಸ್ ಕರೆಸಿಕೊಂಡದ್ದೂ ಇದೆ. ಆದರೂ ಉಗ್ರರ ವಿರುದ್ಧ ಸಿನಾಯ್‌ಗೆ ಹೆಚ್ಚು ಸೈನ್ಯ ಬೇಕಾದಾಗ, ಅಲ್ಲಿ ಇಡಬಹುದಾದ ಸೈನ್ಯಕ್ಕೆ ಒಪ್ಪಂದ ಹಾಕಿದ ಮಿತಿ ದಾಟಲು ಈಜಿಪ್ಟ್ ಹೆಚ್ಚಿನ ಸಲ ಇಸ್ರೇಲಿನ ಒಪ್ಪಿಗೆ ಪಡೆದುಕೊಂಡಿದೆ.