ಓವರ್‌ಡ್ರೈವ್ ಪೆಡಲ್: ಬೆಲೆ ನೋಡುವ ಮೊದಲು ಕೇಳಿಸಿಕೊಳ್ಳಬೇಕಾದ್ದು

ಕುಂಬಳೆಯಿಂದಲೋ ಮಂಜೇಶ್ವರದಿಂದಲೋ ರೈಲು ಹತ್ತಿ ಮಂಗಳೂರಿಗೆ ಹೋಗಿ, ಅಂಗಡಿಯಲ್ಲಿ ಹತ್ತು ನಿಮಿಷ ನುಡಿಸಿ ಓವರ್‌ಡ್ರೈವ್ ಪೆಡಲ್, ಅಂದರೆ ಗಿಟಾರಿನ ಸ್ವರವನ್ನು ಬೇಕೆಂದೇ ಒಡೆಸುವ ಪುಟ್ಟ ಪೆಟ್ಟಿಗೆ, ಕೊಂಡವರಿಗೆ ಮನೆಯಲ್ಲಿ ಅದೇ ನಾದ ಸಿಗುವುದು ಕಡಿಮೆ. ಪೆಡಲ್ ಕೆಟ್ಟಿರುವುದಿಲ್ಲ. ಅಂಗಡಿಯಲ್ಲಿ ಅದರ ಮುಂದೆ ಒಳ್ಳೆಯ ಆಂಪ್ (ಗಿಟಾರಿನ ಸ್ವರವನ್ನು ದೊಡ್ಡದು ಮಾಡುವ ಪೆಟ್ಟಿಗೆ) ಇತ್ತು. ಕಾಸರಗೋಡಿನ ಕಡೆ ಇಗರ್ಜಿಯ ಗಾಯನ ತಂಡವಿರಲಿ, ಶಾಲಾ ವಾರ್ಷಿಕೋತ್ಸವವಿರಲಿ, ಗಿಟಾರ್ ಹೆಚ್ಚಾಗಿ ನೇರ ಮಿಕ್ಸರ್‌ಗೇ ಹೋಗುತ್ತದೆ. ಬುಟೀಕ್ ಪೆಡಲ್‌ಗೆ, ಅಂದರೆ ಸಣ್ಣ ಕಾರ್ಯಾಗಾರಗಳಲ್ಲಿ ಕಡಿಮೆ ಸಂಖ್ಯೆಯಲ್ಲಿ ತಯಾರಾಗುವ ಪೆಡಲ್‌ಗೆ, ದುಡ್ಡು ಹಾಕುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಸ್ವರ ಒಡೆಯಲು ಇದು ಸಿಗ್ನಲ್ ಅಲೆಯ ತುದಿಯನ್ನು ಸರ್ಕ್ಯೂಟಿನಲ್ಲಿ ಎಲ್ಲಿ ಕತ್ತರಿಸುತ್ತದೆ? ಕತ್ತರಿಸುವ ಮೊದಲು ಬೇಸನ್ನು ಎಷ್ಟು ಇಳಿಸುತ್ತದೆ? ಪೆಡಲ್‌ಗಳ ನಡುವಿನ ವ್ಯತ್ಯಾಸದ ದೊಡ್ಡ ಪಾಲು ಈ ಎರಡರಲ್ಲೇ ಇದೆ.

ಮೊದಲು ಟ್ಯೂಬ್ ಸ್ಕ್ರೀಮರ್. ಇಬಾನೆಜ್ ಹೆಸರಿನಲ್ಲಿ ಟಿಎಸ್808 ಬಂದದ್ದು 1970ರ ದಶಕದ ಕೊನೆಗೆ. ದುಬಾರಿ ಓವರ್‌ಡ್ರೈವ್‌ಗಳಲ್ಲಿ ಬಹಳಷ್ಟು ಇದರ ಮಕ್ಕಳು ಮೊಮ್ಮಕ್ಕಳೇ. ಇದರಲ್ಲಿ ಎರಡು ಸಿಲಿಕಾನ್ ಡಯೋಡ್‌ಗಳು ಆಪ್‌ಆಂಪ್‌ನ (ಸಿಗ್ನಲ್ ವರ್ಧಿಸುವ ಚಿಪ್‌ನ) ಫೀಡ್‌ಬ್ಯಾಕ್ ದಾರಿಯಲ್ಲಿ, ಅಂದರೆ ಔಟ್‌ಪುಟ್ ಮತ್ತೆ ಒಳಗೆ ಮರಳುವ ದಾರಿಯಲ್ಲಿ, ಕೂತಿವೆ. ಹಾಗಾಗಿ ಅಲೆಯ ತುದಿ ಗರಗಸ ಹಾಕಿದಂತೆ ತುಂಡಾಗುವುದಿಲ್ಲ, ದುಂಡಗಾಗುತ್ತದೆ; ಗಿಟಾರಿನ ಮೂಲ ಸಿಗ್ನಲ್ ಕೂಡ ಅದರೊಂದಿಗೇ ಹೊರಬರುತ್ತದೆ. ಗೇನನ್ನು, ಅಂದರೆ ಸಿಗ್ನಲ್ ಎಷ್ಟು ಪಟ್ಟು ಹೆಚ್ಚಬೇಕೆಂಬುದನ್ನು, ನಿರ್ಧರಿಸುವ ಜಾಗದಲ್ಲಿ 4.7 ಕಿಲೋಓಮ್ ರೆಸಿಸ್ಟರ್ ಮತ್ತು 0.047 ಮೈಕ್ರೋಫ್ಯಾರಡ್ ಕೆಪಾಸಿಟರ್ ಇವೆ. ಈ ಜೋಡಿಯಿಂದಾಗಿ ಸುಮಾರು 720 ಹರ್ಟ್ಸ್‌ಗಿಂತ ಕೆಳಗಿನ ಸ್ವರಗಳಿಗೆ ಗೇನ್ ಇಳಿಯುತ್ತಾ ಹೋಗುತ್ತದೆ. ದಪ್ಪ ಇ ತಂತಿಯ ಮೂಲಸ್ವರ 82 ಹರ್ಟ್ಸ್, ಅದಕ್ಕೆ ಸಿಗುವ ಗೇನ್ ಬಹಳ ಕಡಿಮೆ. ಮುಂದಿನ ಟೋನ್ ಹಂತ ಮೇಲಿನ ಕಿರಿಕಿರಿಯನ್ನು ತಗ್ಗಿಸುತ್ತದೆ. ಉಳಿಯುವುದು ನಡುವಿನ ಸ್ವರಗಳ (ಮಿಡ್) ಉಬ್ಬು. ಡ್ರಮ್, ಕೀಬೋರ್ಡ್, ಬೇಸ್ ಗಿಟಾರ್ ಎಲ್ಲ ಇರುವ ವೇದಿಕೆಯಲ್ಲಿ ಸೋಲೋ ಎದ್ದು ಕೇಳುವುದು ಈ ಉಬ್ಬಿನಿಂದ. ಕೋಣೆಯಲ್ಲಿ ಒಬ್ಬರೇ ನುಡಿಸುವಾಗ ಮೂಗಿನಿಂದ ಹಾಡಿದಂತೆ ಅನಿಸುವುದೂ ಅದರಿಂದಲೇ.

ಗೇನ್ ಏರಿಸುವ ಡ್ರೈವ್ ನಾಬನ್ನು ಸೊನ್ನೆಗೆ ತಂದರೂ ಮೇಲಿನ ಸ್ವರಗಳಿಗೆ ಸುಮಾರು 12 ಪಟ್ಟು ಗೇನ್ ಉಳಿದಿರುತ್ತದೆ, ಪೂರ್ತಿ ತಿರುಗಿಸಿದರೆ ಸುಮಾರು 118 ಪಟ್ಟು. ಆದ್ದರಿಂದ ಹಂಬಕರ್ (ಜೋರಾದ ಸಿಗ್ನಲ್ ಕೊಡುವ ಎರಡು ಸುರುಳಿಯ ಪಿಕಪ್) ಇರುವ ಗಿಟಾರಿನಲ್ಲಿ ಇದನ್ನು ಪೂರ್ತಿ ಶುದ್ಧವಾಗಿಸುವುದು ಕಷ್ಟ. ಆಗಲೇ ಒಡೆಯುತ್ತಿರುವ ಆಂಪ್‌ನ ಮುಂದೆ ಡ್ರೈವ್ ಕನಿಷ್ಠ, ಲೆವೆಲ್ ಮುಕ್ಕಾಲು, ಟೋನ್ ನಡುವೆ ಇಟ್ಟು ನೋಡಿ. ಈ ಪೆಡಲ್‌ನ ಅತ್ಯುತ್ತಮ ಉಪಯೋಗ ಅದೇ. ಬೇಸ್ ಗದ್ದಲವಾಗದೆ ಬಿಗಿಯಾಗುತ್ತದೆ. ಸಪೂರ ಅನಿಸಿದರೆ, ಬೆಸುಗೆ ಬಲ್ಲವರು ಆ 0.047ರ ಜಾಗಕ್ಕೆ 0.1 ಮೈಕ್ರೋಫ್ಯಾರಡ್ ಹಾಕಬಹುದು. ಗೇನ್ ಇಳಿಯತೊಡಗುವ ತಿರುವು 340 ಹರ್ಟ್ಸ್ ಹತ್ತಿರಕ್ಕೆ ಇಳಿದು ಮೈ ತುಂಬುತ್ತದೆ. ಇನ್ನೂ ದೊಡ್ಡದು ಹಾಕಿದರೆ ಕಾರ್ಡ್‌ಗಳು ಕೆಸರಾಗುತ್ತವೆ. ಆಪ್‌ಆಂಪ್ ಬದಲಿಸಿದರೆ ಆಗುವ ವ್ಯತ್ಯಾಸಕ್ಕಿಂತ ಈ ಒಂದು ಕೆಪಾಸಿಟರಿನದು ಎಷ್ಟೋ ದೊಡ್ಡದು. ಹಾಗಿದ್ದೂ ಜಾಹೀರಾತುಗಳಲ್ಲಿ ಮೆರೆಯುವುದು ಆಪ್‌ಆಂಪ್ ಆದ 4558 ಚಿಪ್.

ಕ್ಲೋನ್ ಸೆಂಟಾರ್ ಬೇರೆ ಜಾತಿ. ಬಿಲ್ ಫಿನೆಗನ್ 1994ರಿಂದ ಕೈಯಲ್ಲೇ ಜೋಡಿಸಿ ಮಾರಿದ ಇದರ ಹಳೆಯ ಪ್ರತಿಗಳು ಈಗ ಹಲವು ಲಕ್ಷ ರೂಪಾಯಿ ಬಾಳುತ್ತವೆ. ಇದರಲ್ಲಿ ಕತ್ತರಿ ಬೀಳುವುದು ಗೇನ್ ಹಂತವಾದ ಮೇಲೆ, ಜರ್ಮೇನಿಯಂ ಡಯೋಡ್‌ಗಳ ಮೂಲಕ ಗ್ರೌಂಡಿಗೆ. ಆದರೆ ಇದರ ಜಾಣ್ಮೆ ಡಯೋಡಿನಲ್ಲಿಲ್ಲ, ಗೇನ್ ನಾಬ್‌ನಲ್ಲಿದೆ. ಒಂದೇ ದಂಡಕ್ಕೆ ಎರಡು ಪಾಟ್‌ಗಳಿವೆ (ನಾಬ್‌ನ ಅಡಿಯ ತಿರುಗುವ ರೆಸಿಸ್ಟರ್‌ಗಳು). ಗೇನ್ ಏರಿಸಿದಂತೆ ಒಡೆದ ಸ್ವರ ಹೆಚ್ಚಿ, ಪಕ್ಕದಲ್ಲಿ ಹರಿಯುವ ಶುದ್ಧ ಸ್ವರ ಕಡಿಮೆಯಾಗುತ್ತದೆ. ಗೇನ್ 9 ಗಂಟೆಯ ಜಾಗದಲ್ಲಿದ್ದರೆ ಕೇಳುವುದು ಹೆಚ್ಚಿನಂಶ ಶುದ್ಧ ಸ್ವರವೇ. ಪಿಕ್ ಬಿದ್ದ ಏಟು ಅದರಲ್ಲಿ ಮಸುಕಾಗುವುದಿಲ್ಲ.

ಒಳಗಿನ ಚಾರ್ಜ್ ಪಂಪ್ ಚಿಪ್ 9 ವೋಲ್ಟನ್ನು ಏರಿಸಿ ಕೊಡುವುದರಿಂದ ಔಟ್‌ಪುಟ್ ತುಂಬ ಜೋರು. ಕ್ಲೋನ್ ಮಾದರಿಯ ಪೆಡಲ್‌ಗಳಲ್ಲಿ ಸಾಮಾನ್ಯವಾಗಿ ಕೆಡುವುದೂ ಇದೇ ಚಿಪ್. ಆ ಕೆಲಸಕ್ಕೆ ಬಳಸುವ ಮ್ಯಾಕ್ಸ್1044 ಸುಮಾರು 10 ವೋಲ್ಟ್‌ವರೆಗೆ ಮಾತ್ರ ತಡೆದುಕೊಳ್ಳುತ್ತದೆ. 12 ಅಥವಾ 18 ವೋಲ್ಟ್ ಅಡಾಪ್ಟರ್ ಅಪ್ಪಿತಪ್ಪಿಯೂ ಚುಚ್ಚಬೇಡಿ. ಕಿಟ್ ತಂದು ತಾವೇ ಜೋಡಿಸುವವರಿಗೆ ಇನ್ನೊಂದು ಮಾತು: ಅದರ ಬದಲು, ಹೆಸರಿನ ಕೊನೆಯಲ್ಲಿ ಎಸ್ ಇಲ್ಲದ ಐಸಿಎಲ್7660 ಚಿಪ್ ಹಾಕಿದರೆ ಸಣ್ಣ ಸೀಟಿಯಂಥ ಸದ್ದು ಸಿಗ್ನಲಿಗೆ ಸೇರುತ್ತದೆ, ಏಕೆಂದರೆ ಅದರ ಆಂದೋಲನ ಕಿವಿಗೆ ಕೇಳುವ ವ್ಯಾಪ್ತಿಯಲ್ಲಿದೆ. 7660ಎಸ್ ತಂದು 1ನೇ ಪಿನ್ನನ್ನು 8ನೇ ಪಿನ್ನಿಗೆ ಸೇರಿಸಿದರೆ ಆ ಸದ್ದು ಕಿವಿಯ ಅಳತೆ ಮೀರಿ ಹೋಗುತ್ತದೆ.

ಮಾರ್ಷಲ್‌ನ 1991ರ ಬ್ಲೂಸ್‌ಬ್ರೇಕರ್ ಪೆಡಲ್ ಮೂರನೆಯ ಮನೆತನ. ಅನಲಾಗ್‌ಮ್ಯಾನ್‌ನ ಕಿಂಗ್ ಆಫ್ ಟೋನ್, ಜೆಎಚ್‌ಎಸ್‌ನ ಮಾರ್ನಿಂಗ್ ಗ್ಲೋರಿ ಇದರಿಂದ ಬಂದವು. ಮಿಡ್ ಉಬ್ಬು ಕಡಿಮೆ, ಗೇನ್ ಕಡಿಮೆ, ಗಿಟಾರಿನ ವಾಲ್ಯೂಮ್ 10ರಿಂದ 6ಕ್ಕೆ ಇಳಿಸಿದರೆ ಸಾಕು, ಸ್ವರ ತಿಳಿಯಾಗುತ್ತದೆ. ಭಕ್ತಿಗೀತೆಗೆ ಹಿನ್ನೆಲೆಯಾಗಿ ಕಾರ್ಡ್ ನುಡಿಸುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಕಿಂಗ್ ಆಫ್ ಟೋನ್‌ನಲ್ಲಿ ಎರಡು ಬದಿಗಳಿವೆ. ಒಳಗಿನ ಸಣ್ಣ ಸ್ವಿಚ್‌ಗಳಿಂದ ಪ್ರತಿ ಬದಿಯನ್ನೂ ಬೂಸ್ಟ್, ಓವರ್‌ಡ್ರೈವ್ ಅಥವಾ ಡಿಸ್ಟಾರ್ಷನ್ ಆಗಿ ಮಾಡಿಕೊಳ್ಳಬಹುದು. ಆದರೆ ಸರದಿಯಲ್ಲಿ ವರ್ಷಗಟ್ಟಲೆ ಕಾಯಬೇಕು, ಬಂದ ಮೇಲೆ ಕಸ್ಟಮ್ಸ್ ಸುಂಕ ಬೇರೆ.

ಪಾಲ್ ಕಾಕ್ರೇನ್ ಅವರ ಟಿಮ್ಮಿ ಪೆಡಲ್‌ನಲ್ಲಿ ಬೇಸ್ ನಾಬ್ ಕತ್ತರಿಸುವ ಮೊದಲು, ಟ್ರೆಬಲ್ ನಾಬ್ ಕತ್ತರಿಸಿದ ಮೇಲೆ ಕೆಲಸ ಮಾಡುತ್ತದೆ. ಎಷ್ಟು ಬೇಸ್ ಒಡೆಯಬೇಕು ಎಂಬುದನ್ನು ನುಡಿಸುವವರ ಕೈಗೇ ಕೊಟ್ಟ ವಿನ್ಯಾಸ ಇದು, ಅದಕ್ಕೇ ನನಗೆ ಇದರ ಮೇಲೆ ಗೌರವ ಹೆಚ್ಚು. ಹಳೆಯ ಪ್ರತಿಗಳಲ್ಲಿ ಈ ನಾಬ್‌ಗಳು ತಿರುಗಿಸಿದಷ್ಟೂ ಕಡಿಮೆ ಮಾಡುತ್ತವೆ. ತಿಳಿಯದೆ ಎರಡನ್ನೂ ಪೂರ್ತಿ ತಿರುಗಿಸಿ ‘ಸ್ವರ ಸತ್ತಿದೆ’ ಎಂದು ಮಾರಿಬಿಡಬೇಡಿ. ಫುಲ್‌ಟೋನ್ ಒಸಿಡಿ ಪೆಡಲ್ ಮಾಸ್‌ಫೆಟ್ (ಒಂದು ಬಗೆಯ ಟ್ರಾನ್ಸಿಸ್ಟರ್) ಗಳಿಂದ ಗಟ್ಟಿಯಾಗಿ ಕತ್ತರಿಸುತ್ತದೆ, ಹೆಚ್ಚುಕಡಿಮೆ ಡಿಸ್ಟಾರ್ಷನ್‌ವರೆಗೂ ಹೋಗುತ್ತದೆ. ಅದಕ್ಕೆ 18 ವೋಲ್ಟ್ ಕೊಟ್ಟರೆ ಸ್ವರ ಬಿಚ್ಚಿಕೊಳ್ಳುವುದು ಕೇಳುತ್ತದೆ. ಟ್ಯೂಬ್ ಸ್ಕ್ರೀಮರ್‌ಗೆ ಅದರಿಂದ ಹೆಚ್ಚು ಲಾಭವಿಲ್ಲ, ಡಯೋಡ್‌ಗಳು ಸುಮಾರು 0.6 ವೋಲ್ಟಿಗೇ ಹಿಡಿದುಬಿಡುತ್ತವೆ. ಯಾವ ಪೆಡಲ್‌ಗೇ ಆಗಲಿ, ತಯಾರಕರು ಹೇಳದೆ 18 ಕೊಡಬೇಡಿ. ಒಳಗೆ 16 ವೋಲ್ಟಿನ ಕೆಪಾಸಿಟರ್ ಇರಬಹುದು.

ಹೋಲಿಸಿ ನೋಡುವಾಗ ಬಹುತೇಕರು ಮೋಸ ಹೋಗುವುದು ಶಬ್ದದ ಮಟ್ಟದಲ್ಲಿ. ಜೋರಾದದ್ದು ಯಾವಾಗಲೂ ಚೆಂದ ಕೇಳುತ್ತದೆ. ಸಾಲಿನ ಮೊದಲಿಗೆ ಒಂದು ಲೂಪರ್ (ನುಡಿಸಿದ್ದನ್ನು ಹಿಡಿದಿಟ್ಟು ಮತ್ತೆ ಮತ್ತೆ ಕೇಳಿಸುವ ಪೆಡಲ್) ಇಟ್ಟು, ಅದರಲ್ಲಿ ಒಂದು ತೆರೆದ ಕಾರ್ಡ್, ದಪ್ಪ ತಂತಿಯ ನಾಲ್ಕು ಸ್ವರ, ಮೇಲಿನ ತಂತಿಯ ಒಂದು ಬೆಂಡ್ ತುಂಬಿಸಿ. ಕೈಯ ವ್ಯತ್ಯಾಸ ಅಲ್ಲಿಗೆ ಹೋಯಿತು. ಫೋನಿನ ಶಬ್ದಮಾಪಕ ಆ್ಯಪ್ ಸ್ಪೀಕರಿನ ಎದುರು ಅಲುಗದಂತಿಟ್ಟು ಎಲ್ಲ ಪೆಡಲ್‌ಗಳನ್ನೂ 1 ಡೆಸಿಬಲ್ ಒಳಗೆ ಸಮ ಮಾಡಿ. ಆಮೇಲೆ ಗಿಟಾರನ್ನು ನೇರವಾಗಿ ಪೆಡಲ್‌ಗೆ ಸಿಕ್ಕಿಸಿ ವಾಲ್ಯೂಮ್ ಇಳಿಸಿ ನೋಡಿ, ಲೂಪರ್ ಮೂಲಕ ಆ ಗುಣ ತಿಳಿಯುವುದಿಲ್ಲ.

ಮಿಕ್ಸರ್‌ಗೆ ನೇರ ಹೋಗುವವರು ಇದನ್ನು ಮರೆಯಬಾರದು: ಗಿಟಾರ್ ಸ್ಪೀಕರ್ 5 ಕಿಲೋಹರ್ಟ್ಸ್ ಆಸುಪಾಸಿನಲ್ಲೇ ಕೈಚೆಲ್ಲುತ್ತದೆ, ಸಭೆಯ ಪಿಎ ಸ್ಪೀಕರ್ ಹಾಗಲ್ಲ. ಆದ್ದರಿಂದ ಎಷ್ಟೇ ಬೆಲೆಯ ಓವರ್‌ಡ್ರೈವ್ ಆದರೂ ಅಲ್ಲಿ ಜೀರುಂಡೆಯಂತೆ ಕೇಳುತ್ತದೆ. ಗಿಟಾರ್ ಸ್ಪೀಕರಿನ ಪೆಟ್ಟಿಗೆಯನ್ನು (ಕ್ಯಾಬಿನೆಟ್) ಅನುಕರಿಸುವ ಪೆಡಲ್, ಅಂದರೆ ಕ್ಯಾಬ್ ಸಿಮ್, ಕೊನೆಯಲ್ಲಿ ಇರಲೇಬೇಕು. ಕೈಯಲ್ಲಿ ಒಂದೇ ಪೆಡಲಿನಷ್ಟು ದುಡ್ಡಿದ್ದರೆ ಅಗ್ಗದ ಓವರ್‌ಡ್ರೈವ್ ಜೊತೆ ಕ್ಯಾಬ್ ಸಿಮ್ ಕೊಳ್ಳಿ. ಬುಟೀಕ್ ಪೆಡಲ್ ಒಂದನ್ನೇ ಕೊಂಡರೆ ವೇದಿಕೆಯಲ್ಲಿ ಬೇಸರವಾಗುತ್ತದೆ.

ಇನ್ನು ಹವೆ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ, ಮೇಲೆ ಕಡಲಿನ ಉಪ್ಪುಗಾಳಿ. ಆಟಿ ತಿಂಗಳು ಮುಗಿಯುವ ಹೊತ್ತಿಗೆ ನಾಬ್ ತಿರುಗಿಸಿದರೆ ಕರಕರ, ಜ್ಯಾಕ್ ಅಲುಗಿಸಿದರೆ ಸ್ವರ ಮಾಯ. ಮೊದಲು ಪವರ್ ತೆಗೆಯಿರಿ, ಪಾಟ್‌ನ ಕಿಂಡಿಗೆ ಕಾಂಟ್ಯಾಕ್ಟ್ ಕ್ಲೀನರ್ ಒಂದು ಸಣ್ಣ ಚಿಮುಕು ಬಿಟ್ಟು ಇಪ್ಪತ್ತು ಸಲ ಆಚೀಚೆ ತಿರುಗಿಸಿ, ಒಣಗಿದ ಮೇಲೆ ಹಚ್ಚಿ. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಬೇಡ, ಅದರ ಜಿಡ್ಡಿಗೆ ಧೂಳು ಹಿಡಿಯುತ್ತದೆ. ಮಳೆಗಾಲದಲ್ಲಿ ಒಳಗಿನ ಬ್ಯಾಟರಿ ತೆಗೆದಿಟ್ಟು, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ತುಲಾಮಾಸದ ಸಂಜೆ ಗುಡುಗು ಶುರುವಾದರೆ ಸ್ವಿಚ್ ಆರಿಸಿದರೆ ಸಾಲದು, ಅಡಾಪ್ಟರನ್ನು ಗೋಡೆಯಿಂದ ಕಿತ್ತು ತೆಗೆಯಿರಿ.