ಮಾರೂ ಮಾಲು

ಮೊನ್ನೆ ವಿಜಯಪುರ ಜಿಲ್ಲೆಯ ಇಂಡಿ ಕಡೆ ನಮ್ಮ ದೊಡ್ಡವ್ವನ ತೋಟದ ಮನೆಗೆ ಹೋಗಿ ಬಂದಾಗಿನಿಂದ ಒಂದೇ ಮಾತು ಕಿವಿಯೊಳಗೆ ಕುಂತುಬಿಟ್ಟಿದೆ. ಪಡಸಾಲೆ ತುಂಬ ದಾಳಿಂಬೆ ಕ್ರೇಟು. ಆರು ತಿಂಗಳ ಬಸುರಿ ಸೊಸೆ ಒಂದು ಹಣ್ಣು ಎತ್ತಿಕೊಂಡು, ಹೆಬ್ಬೆರಳಿನಿಂದ ಅದರ ಧೂಳು ಒರೆಸಿದಳು. 'ಏ, ಅದು ಮಾರೂ ಮಾಲೈತಿ, ಇಡವಾ' ಅಂದಳು ದೊಡ್ಡವ್ವ. ದನಿಯಲ್ಲಿ ಸಿಟ್ಟಿರಲಿಲ್ಲ. ಹುಡುಗಿಯೂ ಮುಖ ಸಣ್ಣದು ಮಾಡಲಿಲ್ಲ. ಎತ್ತಿದ ಜಾಗದಲ್ಲೇ ಹಣ್ಣು ಕೂಡಿಸಿ, ಸಾಲು ಸರಿಮಾಡಿ, ಚಹಾ ಇಡಲು ಒಳಗೆ ಹೋದಳು. ಸಾಲು ಸರಿಮಾಡಿದ ಆ ಕೈ ಇನ್ನೂ ಕಣ್ಣ ಮುಂದಿದೆ.

ಬಸುರಿನ ತಪಾಸಣೆ ಬರೆಯುವ ಅವಳ 'ತಾಯಿ ಕಾರ್ಡಿ'ನಲ್ಲಿ ಹಿಮೋಗ್ಲೋಬಿನ್ 8.4 ಎಂದು ಬರೆದಿತ್ತು; ಅಂದರೆ ಮೈಯಲ್ಲಿ ರಕ್ತ ಕಡಿಮೆ.

ದೊಡ್ಡವ್ವ ಕೆಟ್ಟವಳಲ್ಲ. ಬರದ ವರ್ಷ ಟ್ಯಾಂಕರ್ ನೀರು ಹಾಕಿ ಗಿಡ ಉಳಿಸಿದಾಕೆ, ಅಂಗಮಾರಿ ರೋಗ ಬಿದ್ದು ತೋಟ ಕಪ್ಪಾದದ್ದನ್ನೂ ಕಂಡಾಕೆ. ಒಂದೊಂದು ಹಣ್ಣಿನಲ್ಲೂ ಅವಳಿಗೆ ಬ್ಯಾಂಕಿನ ಕಂತು ಕಾಣುತ್ತದೆ. 'ಒಡಕ ಹಣ್ಣರ ಮನ್ಯಾಗ ಇಟ್ಕೋಬಾರದೇನ?' ಅಂದರೆ, 'ಅದಕ್ಕೂ ರೇಟ್ ಐತಿ, ಜ್ಯೂಸಿನವ ಒಯ್ತಾನ' ಅಂದಳು. ನನಗೆ ಸಿಟ್ಟಿರುವುದು ಅವಳ ಮಗನ ಮೇಲೆ. ಮಾಲು ಹಾಕಿ ಬರುವಾಗ ಬಸುರಿ ಹೆಂಡತಿಗೆ ಬೇಕರಿ ಖಾರಿ, ಬಣ್ಣದ ನೀರಿನ ಬಾಟಲಿ ತರುತ್ತಾನೆ.

ಹೊರಡುವಾಗ ದೊಡ್ಡವ್ವ ದೊಡ್ಡ ದೊಡ್ಡ ಹಣ್ಣೇ ಆರಿಸಿ ನನ್ನ ಚೀಲಕ್ಕೆ ತುರುಕಿದಳು. ಬಂದವರಿಗೆ ಕೊಡುವಾಗ ಅದು ಮಾಲಲ್ಲ! ಅಲ್ಲೇ ಒಂದನ್ನು ಬಿಡಿಸಿ ಸೊಸೆಯ ಮುಂದಿಟ್ಟೆ. ಅವಳು ಅತ್ತೆಯ ಮುಖ ನೋಡಿದಳು. 'ತಿನ್ನ, ಆಕಿ ಕೊಟ್ಟಾಳಲ್ಲ' ಅಂದಳು ದೊಡ್ಡವ್ವ.

ದಾಳಿಂಬೆ ತಿಂದರೆ ರಕ್ತ ಆಗುತ್ತದೆ ಅನ್ನುವುದು ಬಣ್ಣ ನೋಡಿ ಹುಟ್ಟಿದ ಮಾತು. ಅದರಲ್ಲಿ ಕಬ್ಬಿಣ ಬಹಳ ಕಡಿಮೆ. ನಾರು, ಸಿ ಜೀವಸತ್ವ, ಕೆಂಪು ಕೊಡುವ ಆಂಥೋಸಯನಿನ್ ಅದರ ಬಲ. ಕಬ್ಬಿಣಕ್ಕೆ ರಾಜಗಿರಿ, ಮೆಂತ್ಯ ಪಲ್ಲೆ, ಕಾಳು ಬೇಕು. ಪಲ್ಲೆಯ ಕಬ್ಬಿಣ ಸುಲಭಕ್ಕೆ ಮೈಗೆ ಹತ್ತುವುದಿಲ್ಲ. ಮೇಲೆ ಲಿಂಬೆಹಣ್ಣು ಹಿಂಡಿದರೆ ಹತ್ತುತ್ತದೆ, ಊಟದ ಬೆನ್ನಿಗೇ ಚಹಾ ಕುಡಿದರೆ ತಪ್ಪುತ್ತದೆ. ಜಿಐ ಟ್ಯಾಗ್, ಅಂದರೆ ಊರಿನ ಹೆಸರಿಗೇ ಸಿಗುವ ಗುರುತು, ಪಡೆದ ಲಿಂಬೆಯ ಸೀಮೆ ಇಂಡಿ. ಇವರ ಬದುವಿನಲ್ಲೂ ಗಿಡಗಳಿವೆ. ಅದೂ ಮಾರೂ ಮಾಲೇ.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಕೊಟ್ಟ ಮಾರ್ಗಸೂಚಿ ದಿನಕ್ಕೆ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ತಿನ್ನಿ ಅನ್ನುತ್ತದೆ. ಆ ಹುಡುಗಿ ವಾಪಸಿಟ್ಟ ಒಂದು ಹಣ್ಣು ಬಿಡಿಸಿದ್ದರೆ ನೂರು ಗ್ರಾಂ ಆಗುತ್ತಿತ್ತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ. ಅವರಲ್ಲಿ ಎಷ್ಟು ಜನ ಹಣ್ಣು ಬೆಳೆಯುವ ಮನೆಯವರೋ ಅಂತ ಈಗ ಯೋಚನೆ ಹತ್ತಿದೆ.

ನಾವು ಸಣ್ಣವರಿದ್ದಾಗ ಇದೇ ಮನೆಯಲ್ಲಿ ರೊಟ್ಟಿ ಜೊತೆ ಹಸಿ ಮೆಂತ್ಯ, ಹೊಲದಲ್ಲಿ ತಾನೇ ಹುಟ್ಟುವ ಹಕ್ಕರಕಿ ಸೊಪ್ಪು, ಎಳೆ ಸವತಿಕಾಯಿ, ಗಜ್ಜರಿ, ಮೂಲಂಗಿ, ಉಳ್ಳಾಗಡ್ಡಿ ಇದ್ದೇ ಇರುತ್ತಿತ್ತು. ಬದಿಗೆ ಶೇಂಗಾ ಹಿಂಡಿ, ಮೇಲೆ ಎಣ್ಣೆ; ಗಜ್ಜರಿಯ ಬೀಟಾ ಕ್ಯಾರೋಟಿನ್ ಮೈಗೆ ಹತ್ತಲು ಜಿಡ್ಡು ಬೇಕೇ ಬೇಕು. ಆರೋಗ್ಯಕ್ಕೆಂದು ಯಾರೂ ತಿನ್ನುತ್ತಿರಲಿಲ್ಲ. ಜೋಳದ ನಡುವೆ ಅಕ್ಕಡಿ ಸಾಲಿನಲ್ಲಿ ಬೆಳೆದದ್ದು, ಬರುವ ದಾರಿಯಲ್ಲಿ ಕಿತ್ತದ್ದು, ಉಡಿಯಲ್ಲಿ ಮನೆಗೆ ಬರುತ್ತಿತ್ತು. ಈಗ ಹೊಲವೆಲ್ಲ ದಾಳಿಂಬೆ. ಕಸ ಸಾಯಲೆಂದು ಹೊಡೆದ ಎಣ್ಣೆಗೆ, ಅಂದರೆ ಕಳೆನಾಶಕಕ್ಕೆ, ಹಕ್ಕರಕಿಯೂ ಹೋಯಿತು. ಸಂತೆಯಿಂದ ತಂದ ಪಲ್ಲೆ ಎರಡು ದಿನ. ಉಳಿದ ದಿನ ಬ್ಯಾಳಿ, ಬಟಾಟಿ. ಅಕ್ಕಡಿ ಸಾಲು ಹೆಂಗಸರ ಪಾಲಿನದಾಗಿತ್ತು, ಅದನ್ನು ಯಾರೂ ತೂಕಕ್ಕೆ ಹಾಕುತ್ತಿರಲಿಲ್ಲ. ಅದು ಹೋದಾಗ ಅವರ ತಾಟು ಬರಿದಾದದ್ದು ಯಾರ ಲೆಕ್ಕಕ್ಕೂ ಬರಲಿಲ್ಲ.

ಕೃಷಿ ಹೊಂಡದ ಪಕ್ಕ ಒಂದು ತುಂಡು ಜಾಗ ಖಾಲಿ ಬಿದ್ದಿದೆ. ಅಲ್ಲಿ ಎಣ್ಣೆ ಹೊಡೆಯಬೇಡ ಎಂದು ದೊಡ್ಡವ್ವನ ಮಗನಿಗೆ ಫೋನಿನಲ್ಲಿ ಹೇಳಿದ್ದೇನೆ. ಸೊಸೆಗೆ ಕಬ್ಬಿಣದ ಮಾತ್ರೆ ಬಿಡಬೇಡ ಎಂದೂ. ಬರುವ ವಾರ ಮೆಂತ್ಯ, ರಾಜಗಿರಿ ಬೀಜ ಒಯ್ಯುತ್ತೇನೆ. ಮೆಂತ್ಯ ಒಂದು ತಿಂಗಳೊಳಗೆ ಕೀಳಲು ಬರುತ್ತದೆ, ಹೆರಿಗೆಗೆ ಇನ್ನೂ ಮೂರು ತಿಂಗಳಿದೆ.